ಲೂ ಯೂ ಕವಿಯ ಯಾಂಗ್‌ತ್ಸೆ ಯಾತ್ರೆಯ ದಿನಚರಿ

ಚೀನದೇಶದ ಯಾತ್ರಿಕರೆಂದೊಡನೆ ಕನ್ನಡ ವಾಚಕರ ನೆನಪಿಗೆ ಬರುವ ಹೆಸರುಗಳು ಮೂರು: ಫಾಹಿಯಾನ್, ಹ್ಯೂಯೆನ್ ತ್ಸಾಂಗ್, ಇತ್ಸಿಂಗ್. ಅವರಲ್ಲಿಯೂ ಎರಡನೆಯವನು ಇಮ್ಮಡಿ ಪುಲಕೇಶಿಯ ಪ್ರತಾಪವನ್ನೂ ಅವನ ಪ್ರಜೆಗಳ ಅಭಿಮಾನವನ್ನೂ ಕೊಂಡಾಡಿರುವುದರಿಂದ ಕರ್ಣಾಟಕದ ಇತಿಹಾಸವನ್ನು ಹೇಳುವ ಗ್ರಂಥಗಳಲ್ಲಿ ಅವನಿಗೊಂದು ಪುಟ ತಪ್ಪದು. ಆದರೆ ಇವರ ಬರಹಗಳನ್ನು ನಮ್ಮ ನಾಡಿನವರು ಓದಿರುವುದು ಸಾಕ್ಷ್ಯಕ್ಕಾಗಿ; ಗಣಿಯಿಂದ ಅದಿರನ್ನು ಅಗೆದಂತೆ ಇಸವಿಗಳನ್ನೂ ಊರುಗಳ ಹೆಸರುಗಳನ್ನೂ ಅಗೆದುಕೊಂಡು ಉಳಿದುದನ್ನು ಬಿಟ್ಟಿದ್ದಾರೆ. ಪರದೇಶಕ್ಕೆ ಹೋಗದೆ ತಮ್ಮ ದೇಶದ ಪುರಾತನ ನಗರಗಳನ್ನೂ ಮಹಾನದಿಗಳನ್ನೂ ಸಂಚರಿಸಿ ಬರೆದ ಚೀನೀಯರ ಸಾಹಿತ್ಯವಂತೂ ಇಲ್ಲಿ ಹೆಸರಿಗೂ ಪರಿಚಿತವಲ್ಲ. ಆ ಭಾಷೆಯಲ್ಲಿ ಅದು ಒಂದು ಪ್ರತ್ಯೇಕವಾದ, ಬಹುಕಾಲದಿಂದ ಬೆಳೆದುಬಂದ ಪ್ರಕಾರ. ಅದರಲ್ಲಿ ನದೀಯಾತ್ರೆಗೆ ಸಂಬಂಧಿಸಿದ ಗ್ರಂಥಗಳಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದುದು ಸುಂಗ್ ವಂಶದ ಕಾಲದ ಕವಿ ಲೂ ಯೂ ಬರೆದ ದಿನಚರಿ. ಶು ದೇಶಕ್ಕೆ, ಎಂದರೆ ಇಂದಿನ ಸಿಚುವಾನ್ ಕಡೆಗೆ, ಹೋದುದರ ದಾಖಲೆ ಎಂಬುದೇ ಅದರ ಹೆಸರಿನ ಅರ್ಥ.

ಲೂ ಯೂ ಹುಟ್ಟಿದ್ದು ೧೧೨೫ರಲ್ಲಿ. ಅವನಿಗೆ ಎರಡು ವರ್ಷ ತುಂಬುವ ವೇಳೆಗೆ ಸುಂಗ್ ಚಕ್ರವರ್ತಿಗಳ ರಾಜಧಾನಿಯಾದ ಕಾಯ್‌ಫೆಂಗ್ ನಗರವು ಉತ್ತರದ ಜುರ್ಚೆನ್ ಜನರ ವಶವಾಯಿತು. ಆಸ್ಥಾನವು ದಕ್ಷಿಣಕ್ಕೆ ಓಡಿ ಕಡೆಗೆ ಹಾಂಗ್‌ಚೌ ನಗರದಲ್ಲಿ ನೆಲೆಗೊಂಡಿತು. ಕಳೆದುಹೋದ ಉತ್ತರವನ್ನು ಮರಳಿ ಪಡೆಯಬೇಕೆಂಬುದು ಈ ಕವಿಯ ಬಾಳಿನ ಉದ್ದಕ್ಕೂ ಉರಿದ ಬಯಕೆ. ಅವನ ಪದ್ಯಸಂಗ್ರಹದಲ್ಲಿ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟ ಕವಿತೆಗಳಿವೆ. ಅವುಗಳಲ್ಲಿ ಈ ಬಯಕೆಯ ಬಿಸಿ ಮತ್ತೆ ಮತ್ತೆ ತಾಕುತ್ತದೆ. ಅವನಿಗೆ ಯಾಂಗ್‌ತ್ಸೆ ನದಿಯ ಮೂರು ಕಂದರಗಳ ಮೇಲಣ ಬಾಗಿಲಿನಲ್ಲಿರುವ ಕ್ವೇಚೌ ಪಟ್ಟಣದಲ್ಲಿ ಉಪಾಧಿಕಾರಿಯ ಹುದ್ದೆ ದೊರೆತಾಗ ವಯಸ್ಸು ನಲವತ್ತೈದರ ಸುಮಾರು. ಹೆಂಡತಿ ಮಕ್ಕಳೊಡನೆ ತನ್ನ ಊರಾದ ಷಾನ್‌ಯಿನ್‌ನಿಂದ (ಇಂದಿನ ಷಾವ್‌ಷಿಂಗ್) ಹೊರಟು ಮೊದಲು ಮಹಾಕಾಲುವೆಯಲ್ಲಿಯೂ ಆಮೇಲೆ ನದಿಯ ಪ್ರವಾಹಕ್ಕೆ ಎದುರಾಗಿಯೂ ಸಾಗಿ ಅವನು ಆ ಊರನ್ನು ಮುಟ್ಟಿದನು. ಪಾಶ್ಚಾತ್ಯ ಪಂಚಾಂಗದ ಪ್ರಕಾರ ೧೧೭೦ನೆಯ ಇಸವಿ ಜುಲೈ ೩ರಿಂದ ಡಿಸೆಂಬರ್ ೬ರ ವರೆಗೆ, ಒಟ್ಟು ೧೫೭ ದಿನಗಳ ಪ್ರಯಾಣ. ಆರು ಸಂಪುಟಿಕೆಗಳಲ್ಲಿ ಅಡಗಿದ ದಿನಚರಿಯು ಈ ದಿನಗಳನ್ನು ಕ್ರಮವಾಗಿ ಹಿಂಬಾಲಿಸುತ್ತದೆ. ೧೯೮೧ರಲ್ಲಿ ಚಾಂಗ್ ಚುನ್‌ಷು ಮತ್ತು ಜೋನ್ ಸ್ಮೈತ್ ಇವರ ಇಂಗ್ಲಿಷ್ ಅನುವಾದವು ಹೊರಬಂದ ಮೇಲೆ ಚೀನೀ ಭಾಷೆಯನ್ನು ಅರಿಯದವರಿಗೂ ಅದು ಸುಲಭವಾಗಿ ದೊರೆಯುವಂತಾಯಿತು. ಅನುವಾದಕರು ಅದಕ್ಕೆ ಹನ್ನೆರಡನೆಯ ಶತಮಾನದ ದಕ್ಷಿಣ ಚೀನ ಎಂಬ ಅರ್ಥದ ಹೆಸರನ್ನು ಕೊಟ್ಟರು. ಹೆಸರು ತಪ್ಪಲ್ಲ, ಆದರೆ ಇದನ್ನು ಓದಿದವರು ಕವಿಯೊಬ್ಬನ ಕೃತಿಯನ್ನು ಬಿಟ್ಟು ಸಮಾಜದ ದಸ್ತಾವೇಜನ್ನು ಕೈಗೆತ್ತಿಕೊಂಡಂತೆ ಆಗುತ್ತದೆ.

ಹೀಗೆ ಆಗಿರುವುದು ಇದೇ ಮೊದಲಲ್ಲ. ಹದಿನೆಂಟನೆಯ ಶತಮಾನದಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಸಿದ್ಧವಾದ ಮಹಾಗ್ರಂಥಭಂಡಾರದ ವಿವರಣಸೂಚಿಯನ್ನು ರಚಿಸಿದ ಪಂಡಿತರು ಈ ದಿನಚರಿಯನ್ನು ಮೆಚ್ಚಿದರು. ಮೆಚ್ಚಿದ್ದು ಬಹುಮಟ್ಟಿಗೆ ಪುರಾತನ ಸ್ಥಳಗಳ ಬಗೆಗೆ ಅದರಲ್ಲಿರುವ ಶೋಧನೆಗಾಗಿ. ಭಾಷೆ ಶುಚಿಯಾಗಿದೆಯೆಂಬ ಮಾತನ್ನು ಜೊತೆಗೆ ಸೇರಿಸಿದರು. ಅಂದಿನಿಂದ ಈ ಗ್ರಂಥದ ಕೀರ್ತಿಯು ಟಿಪ್ಪಣಿಕಾರರ ಕೈಯಲ್ಲಿ ಉಳಿಯಿತು. ಅದಕ್ಕೆ ಪ್ರತಿಯಾಗಿ, ಪ್ರಕೃತಿಯ ನೇರವಾದ ಅನುಭವವನ್ನು ಬಯಸುವ ಆಧುನಿಕ ವಾಚಕನು ಎತ್ತುವ ಆಕ್ಷೇಪವೂ ಒಂದಿದೆ: ಇವನು ಬೆಟ್ಟವನ್ನು ನೋಡುವುದಿಲ್ಲ, ಬೆಟ್ಟದ ಮೇಲೆ ಹಿಂದಿನವರು ಬರೆದ ಪದ್ಯವನ್ನು ನೋಡುತ್ತಾನೆ, ಪ್ರತಿಯೊಂದು ದಡದಲ್ಲಿಯೂ ಶಿಲಾಶಾಸನವನ್ನು ಓದುತ್ತಾನೆ, ಪ್ರತಿಯೊಂದು ಮಂಟಪದಲ್ಲಿಯೂ ಯಾರು ಯಾವಾಗ ಏನು ಹಾಡಿದರೆಂದು ನೆನೆಯುತ್ತಾನೆ. ಮೆಚ್ಚಿದವರೂ ಆಕ್ಷೇಪಿಸಿದವರೂ ಒಂದೇ ಅಂಶದ ಮೇಲೆ ಬೆರಳಿಟ್ಟಿದ್ದಾರೆ. ಆ ಅಂಶವು ಗ್ರಂಥದಲ್ಲಿ ಏನು ಕೆಲಸ ಮಾಡುತ್ತದೆಂಬುದನ್ನು ಇಬ್ಬರೂ ಕೇಳಿಲ್ಲ.

ಕೇಳಬೇಕಾದ ಪ್ರಶ್ನೆಯು ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ಪುರ, ಸಮುದ್ರ, ಪರ್ವತ, ಋತು ಮುಂತಾದ ಹದಿನೆಂಟು ವರ್ಣನೆಗಳು ಮಹಾಕಾವ್ಯಕ್ಕೆ ಇರಲೇಬೇಕೆಂಬ ನಿಯಮಕ್ಕೆ ಒಳಗಾಗಿ ನಮ್ಮ ಚಂಪೂಕವಿಗಳು ಕಾಣದ ಕಡಲನ್ನೂ ಏರದ ಗಿರಿಯನ್ನೂ ಪುಟಗಟ್ಟಲೆ ಬಣ್ಣಿಸಿದರು. ಪಂಪನ ಬನವಾಸಿಯಂಥ ಅಪೂರ್ವ ಸ್ಥಳಗಳಲ್ಲಿ ಮಾತ್ರ ಕಂಡ ನೆಲದ ಕಂಪು ಸೂಸುತ್ತದೆ. ಕವಿಸಮಯವೆಂಬುದು ಕವಿಗೆ ಊರುಗೋಲು, ಒಮ್ಮೊಮ್ಮೆ ಕಣ್ಣುಪಟ್ಟಿ. ಚೀನೀಯರ ನದೀಸಾಹಿತ್ಯದಲ್ಲಿ ಇಂಥ ಸಮಯದ ಬೇರು ಒಂದೇ ಗ್ರಂಥದಲ್ಲಿದೆ. ಉತ್ತರ ವೇಯ್ ರಾಜ್ಯದ ಅಧಿಕಾರಿಯಾದ ಲೀ ದಾವ್‌ಯುವಾನನು (೫೨೭ರಲ್ಲಿ ಮಡಿದನು) ಹಿಂದಿನ ಚಿಕ್ಕದೊಂದು ಜಲಸೂತ್ರಕ್ಕೆ ನಲವತ್ತು ಸಂಪುಟಿಕೆಗಳ ವ್ಯಾಖ್ಯಾನವನ್ನು ಬರೆದನು. ಮೂರು ಕಂದರಗಳ ಮೇಲಿನ ಅವನ ಗದ್ಯಖಂಡವು ಚೀನದ ಶಾಲಾಬಾಲಕರಿಗೆ ಇಂದಿಗೂ ಕಂಠಪಾಠ. ಬಿಡುವಿಲ್ಲದ ಬೆಟ್ಟಸಾಲು, ಮಧ್ಯಾಹ್ನದಲ್ಲಿ ಮಾತ್ರ ಕಾಣುವ ಸೂರ್ಯ, ನೆರೆಯ ದಿನಗಳಲ್ಲಿ ಗಾಳಿಯನ್ನೂ ಹಿಂದೆ ಹಾಕುವ ದೋಣಿ, ಶರತ್ಕಾಲದ ಮುಂಜಾವಿನಲ್ಲಿ ಕಪಿಗಳ ದೀರ್ಘವಾದ ಕೂಗು: ಮುಂದಿನ ಎಲ್ಲ ಕವಿಗಳಿಗೂ ಕಂದರವೆಂದರೆ ಇವಿಷ್ಟೇ. ೭೫೯ರಲ್ಲಿ ಗಡಿಪಾರಿನ ಶಿಕ್ಷೆಯಿಂದ ಬಿಡುಗಡೆ ಹೊಂದಿ ಇಳಿದು ಬಂದ ಲಿ ಬೈ ಕವಿಯ ಪ್ರಸಿದ್ಧವಾದ ಚೌಪದಿಯೂ ಈ ಸಾಮಗ್ರಿಯಿಂದಲೇ ಹೊಸೆದದ್ದು. ಸ್ವಾರಸ್ಯವಿರುವುದು ಬೇರೆಡೆ. ಉತ್ತರದ ರಾಜ್ಯದಲ್ಲಿಯೇ ಬಾಳಿದ ಲೀ ದಾವ್‌ಯುವಾನನು ಶತ್ರುರಾಜ್ಯದಲ್ಲಿದ್ದ ಆ ಕಂದರಗಳನ್ನು ಕಂಡವನೇ ಅಲ್ಲ. ದಕ್ಷಿಣದ ಷೆಂಗ್ ಹೊಂಗ್‌ಚಿ ಎಂಬವನ ಪ್ರಾಂತವರ್ಣನೆಯಿಂದ ಅದನ್ನು ಎತ್ತಿಕೊಂಡನು. ಕಾಣದವನ ಮಾತನ್ನು ಕಂಡವರೆಲ್ಲರೂ ಕಣ್ಣಿಗೆ ಕಟ್ಟಿಕೊಂಡು ಹೋದರು.

ಇಂಥ ಪರಂಪರೆಯ ಭಾರವನ್ನು ಹೊತ್ತು ಲೂ ಯೂ ದೋಣಿಯನ್ನು ಏರಿದನು. ಅವನು ಪದ್ಯಗಳನ್ನು ಮರೆಯಲು ಯತ್ನಿಸುವುದಿಲ್ಲ. ಪ್ರತಿಯೊಂದನ್ನೂ ಸ್ಥಳದ ಮೇಲೆ ಉಜ್ಜಿ ನೋಡುತ್ತಾನೆ, ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಹಚ್ಚುವಂತೆ. ಗ್ರಂಥದ ಜೀವವಿರುವುದು ಈ ಉಜ್ಜುವಿಕೆಯಲ್ಲಿ.

ಎಲ್ಲಕ್ಕಿಂತ ಮಿಗಿಲಾದ ಉದಾಹರಣೆಯು ಹ್ವಾಂಗ್‌ಚೌ ಪಟ್ಟಣದ ಪ್ರಕರಣ. ೧೦೮೦ರಿಂದ ೧೦೮೪ರ ವರೆಗೆ ಸು ಷಿ ಕವಿಯು ಅಲ್ಲಿ ರಾಜಕೋಪಕ್ಕೆ ಗುರಿಯಾಗಿ ವಾಸಿಸಿದನು. ಊರಿನ ಪೂರ್ವದ ಇಳಿಜಾರಿನಲ್ಲಿ ಹೊಲವನ್ನು ಉತ್ತು, ಆ ಇಳಿಜಾರಿನ ಹೆಸರಾದ ದೊಂಗ್‌ಪೊ ಎಂಬುದನ್ನೇ ತನ್ನ ಕಾವ್ಯನಾಮವಾಗಿ ಮಾಡಿಕೊಂಡನು. ೧೦೮೨ರಲ್ಲಿ ನದೀತೀರದ ಕೆಂಬಂಡೆಯ ಕೆಳಗೆ ದೋಣಿಯಲ್ಲಿ ವಿಹರಿಸಿ ಎರಡು ಗದ್ಯಕಾವ್ಯಗಳನ್ನು ರಚಿಸಿದನು. ೨೦೮ರಲ್ಲಿ ಛಾವ್ ಛಾವ್ ಎಂಬ ಉತ್ತರದ ದಂಡನಾಯಕನ ನೌಕಾಸೈನ್ಯವು ಬೆಂಕಿಗೆ ಆಹುತಿಯಾದ ರಣಭೂಮಿಯಾಗಿ ಆ ಬಂಡೆಯು ಅವುಗಳಲ್ಲಿ ಕಾಣುತ್ತದೆ. ಆ ಕಾವ್ಯಗಳು ದೇಶದಲ್ಲೆಲ್ಲ ಹಬ್ಬಿ ಬಂಡೆಯು ತೀರ್ಥವಾಯಿತು. ಲೂ ಯೂ ಅಲ್ಲಿಗೆ ಬಂದಾಗ ಕವಿಯು ತೀರಿ ಎಪ್ಪತ್ತು ವರ್ಷವೂ ಆಗಿರಲಿಲ್ಲ. ಅವನು ಪೂರ್ವದ ಇಳಿಜಾರಿಗೆ ಹೋಗಿ ಹಿಮಮಂದಿರವೆಂಬ ಕಟ್ಟಡವನ್ನೂ ಅದರೊಳಗಿನ ಚಿತ್ರಪಟವನ್ನೂ ನೋಡುತ್ತಾನೆ: ಕರಿಯ ಟೋಪಿ, ನೇರಿಳೆ ಬಣ್ಣದ ತುಪ್ಪಳಂಗಿ, ಅಡ್ಡಲಾಗಿ ಹಿಡಿದ ಬಿದಿರುಕೋಲು. ಭಕ್ತಿಗೆ ಕೊರತೆಯಿಲ್ಲ. ಆದರೆ ಬಂಡೆಯ ಬಳಿಗೆ ಬಂದಾಗ ಅವನು ಬರೆಯುವುದು ಇಷ್ಟು: ಅದು ಹುಲ್ಲು ಬೆಳೆದ ಒಂದು ದಿಣ್ಣೆ, ಮರಗಿಡಗಳು ಇಲ್ಲವೆನ್ನುವಷ್ಟು ಕಡಮೆ.

ಸಾಮಾನ್ಯನಾದ ಪ್ರವಾಸಿಗನು ಇಲ್ಲಿ ಎರಡು ಹಾದಿಗಳಲ್ಲಿ ಒಂದನ್ನು ಹಿಡಿಯುತ್ತಿದ್ದನು. ಕಾವ್ಯವನ್ನು ನಂಬಿ ದಿಣ್ಣೆಯನ್ನು ಹಿಗ್ಗಿಸುವುದು ಒಂದು. ದಿಣ್ಣೆಯನ್ನು ನಂಬಿ ಕಾವ್ಯವು ಸುಳ್ಳೆನ್ನುವುದು ಇನ್ನೊಂದು. ಲೂ ಯೂ ಇವೆರಡನ್ನೂ ಬಿಟ್ಟು ಕವಿಯ ಮಾತುಗಳಿಗೆ ಹಿಂದಿರುಗುತ್ತಾನೆ. ಸು ಷಿ ತನ್ನ ಗದ್ಯಕಾವ್ಯದಲ್ಲಿ ಈ ಸ್ಥಳದ ವಿಚಾರವನ್ನು ಪ್ರಶ್ನೆಯ ರೂಪದಲ್ಲಿ ಎತ್ತಿದ್ದಾನೆ, ನಿರ್ಣಯವಾಗಿ ಹೇಳಿಲ್ಲ. ಗೇಯಪದದಲ್ಲಿ ಜನರು ಹಾಗೆ ಹೇಳುತ್ತಾರೆ ಎಂಬ ಅರ್ಥದ ಮಾತನ್ನು ಮುಂದಿಟ್ಟಿದ್ದಾನೆ. ಎಂದರೆ ರಣರಂಗವು ಇದೇ ಎಂಬುದರಲ್ಲಿ ಕವಿಗೇ ಶಂಕೆಯಿತ್ತು. ಶಂಕೆಯನ್ನು ಮುಚ್ಚದೆ, ಕಾವ್ಯವನ್ನು ಕೆಡಿಸದೆ, ಒಂದೆರಡು ಅಕ್ಷರಗಳಲ್ಲಿ ಇರಿಸಿದನು. ಅಂಥವನು ಒಂದು ಅಕ್ಷರವನ್ನೂ ಹಗುರವಾಗಿ ಕೆಳಗಿಡುವವನಲ್ಲವೆಂಬುದು ಲೂ ಯೂವಿನ ಮೆಚ್ಚುಗೆ. ಅನಂತರದ ಕವಿಯೊಬ್ಬನು ಶಂಕೆಯನ್ನು ಕೈಬಿಟ್ಟು ಯುದ್ಧಸ್ಥಳವನ್ನು ಇಲ್ಲಿಯೇ ನಿಶ್ಚಯಿಸಿದ್ದನ್ನೂ ಪಕ್ಕದಲ್ಲಿ ಇಟ್ಟು ತೋರಿಸುತ್ತಾನೆ. ಸ್ಥಳವನ್ನು ನೋಡಿದ್ದರಿಂದ ಕಾವ್ಯದ ಅರ್ಥವು ಕುಗ್ಗಲಿಲ್ಲ, ಹೆಚ್ಚಿತು. ಓದುಗರು ಅಲಂಕಾರವೆಂದು ದಾಟಿಹೋಗುತ್ತಿದ್ದ ಒಂದು ಪದವು ದಿಣ್ಣೆಯ ಎದುರಿನಲ್ಲಿ ನಿಂತಾಗ ಪ್ರಾಮಾಣಿಕತೆಯ ಗುರುತಾಯಿತು. ನಮ್ಮ ವ್ಯಾಖ್ಯಾನಕಾರರು ಕೋಣೆಯೊಳಗೆ ಕುಳಿತು ನೂರು ಪುಟ ಬರೆದರೂ ಇಂಥ ಒಂದು ಟಿಪ್ಪಣಿ ಹುಟ್ಟುವುದು ಕಷ್ಟ. ಯುದ್ಧವು ನಡೆದದ್ದು ನದಿಯ ಇನ್ನೂ ಮೇಲಣ ಭಾಗದಲ್ಲಿ ಎಂಬುದೇ ಈಗ ಹೆಚ್ಚು ಮಂದಿ ವಿದ್ವಾಂಸರ ಅಭಿಪ್ರಾಯ. ೧೯೯೮ರಲ್ಲಿ ಅಲ್ಲಿನ ಪೂಚಿ ಎಂಬ ಊರಿಗೆ ಕೆಂಬಂಡೆಯ ಹೆಸರನ್ನೇ ಸರಕಾರವು ಇಟ್ಟಿತು. ಕವಿಯು ಸಂದೇಹದಲ್ಲಿ ಬಿಟ್ಟುದನ್ನು ಕಚೇರಿಯು ತೀರ್ಮಾನಿಸಿತೆಂದು ನಗಬಹುದು.

ಕಾವ್ಯದ ಪ್ರಾಮಾಣ್ಯವನ್ನು ಕುರಿತ ಇನ್ನೊಂದು ಪ್ರಸಂಗವು ದಾಂಗ್‌ತು ಊರಿನದು. ಲಿ ಬೈ ಕವಿಯ ಸಮಾಧಿ ಇರುವುದು ಅದರ ಸಮೀಪದ ಹಸುರುಬೆಟ್ಟದಲ್ಲಿ. ಆ ಊರಿನ ಹತ್ತು ನೋಟಗಳನ್ನು ಹಾಡಿದ ಹತ್ತು ಪದ್ಯಗಳು ಲಿ ಬೈಯ ಸಂಗ್ರಹದಲ್ಲಿ ಸೇರಿವೆ. ತನ್ನ ಬಂಧುವಾದ ಹಿರಿಯನೊಬ್ಬನಿಂದ ಕೇಳಿದ ಕಥೆಯನ್ನು ಲೂ ಯೂ ಇಲ್ಲಿ ಹೇಳುತ್ತಾನೆ. ಸು ಷಿ ಹ್ವಾಂಗ್‌ಚೌದಿಂದ ಹಿಂದಿರುಗುವಾಗ ಆ ಪದ್ಯಗಳನ್ನು ಓದಿ, ನಕಲಿಯು ಸಿಕ್ಕಿಬಿದ್ದಿತೆಂದು ಕೈತಟ್ಟಿ ನಕ್ಕನಂತೆ. ಗುವೊ ಗೊಂಗ್‌ಫು ಎಂಬ ಕವಿಯು ಅದನ್ನು ಒಪ್ಪದೆ ವಾದಿಸಿದಾಗ, ಹಾಗಾದರೆ ಲಿ ಬೈಯ ಮರುಹುಟ್ಟು ಬರೆದಿರಬೇಕೆಂದು ಮತ್ತೆ ನಕ್ಕನಂತೆ. ಹಿರಿಯರು ಗುವೊವನ್ನು ಲಿ ಬೈಯ ಪುನರ್ಜನ್ಮವೆಂದು ಹೊಗಳಿದ್ದರು, ಅವನೂ ಅದನ್ನು ನಂಬಿ ಹೆಮ್ಮೆಪಟ್ಟಿದ್ದನು. ಗುವೊವಿಗೆ ಬಂದ ಕೋಪವನ್ನು ವರ್ಣಿಸುವ ಅಗತ್ಯವಿಲ್ಲ. ವಿಮರ್ಶೆಯು ಹಾಸ್ಯದ ಬಟ್ಟೆಯನ್ನು ತೊಟ್ಟು ಬಂದ ಇಂಥ ಕಡೆಗಳಲ್ಲಿ ದಿನಚರಿಯ ಗದ್ಯವು ತುಂಬ ಲಘುವಾಗಿ ಹರಿಯುತ್ತದೆ.

ಜನಪದದ ನಿರುಕ್ತಿಯನ್ನೂ ಅವನು ಬಿಡುವುದಿಲ್ಲ. ನದಿಯ ನಡುವೆ ಒಂಟಿಯಾಗಿ ನಿಂತ ಒಂದು ಶಿಖರಕ್ಕೆ ಕಿರಿಯ ಒಂಟಿಬೆಟ್ಟವೆಂದು ಹೆಸರು. ಒಂಟಿ ಎಂಬ ಅರ್ಥದ ಶಬ್ದವೂ ಹುಡುಗಿ ಎಂಬ ಅರ್ಥದ ಶಬ್ದವೂ ಚೀನೀ ಭಾಷೆಯಲ್ಲಿ ಒಂದೇ ರೀತಿ ಕೇಳುವುದರಿಂದ ಬೆಟ್ಟವು ಕನ್ಯೆಯಾಯಿತು. ಎದುರಿನ ದಡದ ಬಂಡೆಯ ಹೆಸರು ಅಪಭ್ರಂಶಗೊಂಡು ಅವಳಿಗೆ ಪೆಂಗ್ ಎಂಬ ಮನೆತನದ ವರನೂ ಹುಟ್ಟಿಕೊಂಡನು. ಸು ಷಿ ಈ ಮದುವೆಯನ್ನು ಪದ್ಯದಲ್ಲಿ ಹಾಡಿದನು. ಒಬ್ಬರ ಗುಡಿಯಲ್ಲಿ ಇನ್ನೊಬ್ಬರ ವಿಗ್ರಹವಿದೆಯೆಂಬ ಸುದ್ದಿಯೂ ಹರಡಿತು. ಹಾಗೇನೂ ಇಲ್ಲವೆಂದು ಲೂ ಯೂ ಒಂದು ಮಾತಿನಲ್ಲಿ ಮುಗಿಸುತ್ತಾನೆ. ಪದ್ಯದ ವಿನೋದಕ್ಕೆ ಅವನ ಅಡ್ಡಿಯಿಲ್ಲ. ವಿನೋದವನ್ನು ವಸ್ತುಸ್ಥಿತಿಯೆಂದು ಹೇಳಿದವರಿಗೆ ಮಾತ್ರ ಅವನ ಆಕ್ಷೇಪ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ದಿನಚರಿಯು ಪಂಡಿತರ ವಿಹಾರವೆಂಬ ಭಾವನೆ ಉಳಿದೀತು. ಅದರ ಅಡಿಯಲ್ಲಿ ಇನ್ನೊಂದು ಪ್ರವಾಹವಿದೆ. ಚೆನ್‌ಜಿಯಾಂಗ್ ಬಳಿಯ ಚಿನ್ನದ ಬೆಟ್ಟವೆಂಬ ದ್ವೀಪದಲ್ಲಿ ಅವನು ತಂಗಿದ್ದಾಗ ಫಾನ್ ಛೆಂಗ್‌ದಾ ಎಂಬ ಕವಿ, ಅಧಿಕಾರಿಯೂ ಆದ ಮಿತ್ರನು ಅವನನ್ನು ಊಟಕ್ಕೆ ಕರೆಯುತ್ತಾನೆ. ಫಾನನು ಆಗ ಜುರ್ಚೆನ್ನರ ರಾಜ್ಯಕ್ಕೆ ರಾಯಭಾರಿಯಾಗಿ ಹೊರಟಿದ್ದನು. ಸುಂಗ್ ಅರಸರ ಸಮಾಧಿಗಳಿದ್ದ ನೆಲವನ್ನು ಹಿಂದಕ್ಕೆ ಕೇಳುವುದು ಅವನಿಗೆ ಒಪ್ಪಿಸಿದ ಕೆಲಸಗಳಲ್ಲೊಂದು. ಒಬ್ಬನು ಉತ್ತರಕ್ಕೆ ಹೋಗಿ ಪಾಳುಬಿದ್ದ ಹಳೆಯ ರಾಜಧಾನಿ ಕಾಯ್‌ಫೆಂಗನ್ನು ಕಾಣುವನು. ಇನ್ನೊಬ್ಬನು ಪಶ್ಚಿಮಕ್ಕೆ ಹೋಗುವನು. ಉತ್ತರದ ಮಾತೇ ಉಸಿರಾದ ಲೂ ಯೂವಿಗೆ ಉತ್ತರವು ದೊರೆಯಲಿಲ್ಲ. ಆ ಊಟದಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ದಿನಚರಿಯು ಬಿಚ್ಚುವುದಿಲ್ಲ. ಕರೆಬಂದುದನ್ನೂ ಊಟವಾದ ಮಂದಿರದ ಹೆಸರನ್ನೂ ಗುರುತಿಸಿ ಮುಂದೆ ಸಾಗುತ್ತದೆ. ಪದ್ಯದಲ್ಲಿ ಗುಡುಗುವ ಕವಿ ಗದ್ಯದಲ್ಲಿ ತುಟಿಯನ್ನು ಬಿಗಿಹಿಡಿದಿದ್ದಾನೆ.

ತ್ಸಾಯ್‌ಷಿ ಎಂಬಲ್ಲಿ ಈ ಮೌನವು ಇನ್ನೂ ಗಾಢವಾಗುತ್ತದೆ. ೧೧೬೧ರಲ್ಲಿ ಉತ್ತರದ ದೊರೆಯು ನದಿಯನ್ನು ದಾಟಲು ಬಂದು ಸೋತದ್ದು ಅಲ್ಲಿ; ಅದಕ್ಕೆ ಒಂಬತ್ತೇ ವರ್ಷ ಕಳೆದಿತ್ತು. ಲೂ ಯೂ ಅಲ್ಲಿ ಎತ್ತಿಕೊಳ್ಳುವ ಹಳೆಯ ಕಥೆಯೂ ದಾಟುವಿಕೆಯದೇ. ೯೭೪ರಲ್ಲಿ ಸುಂಗ್ ಸೈನ್ಯವು ದಕ್ಷಿಣ ತಾಂಗ್ ರಾಜ್ಯವನ್ನು ಗೆಲ್ಲಲು ಆ ಸ್ಥಳದಲ್ಲಿ ದೋಣಿಗಳ ಸೇತುವೆಯನ್ನು ಕಟ್ಟಿತು. ಅದಕ್ಕೆ ಮುಂಚೆ ಆ ರಾಜ್ಯದವನೇ ಆದ ಒಬ್ಬ ದ್ರೋಹಿಯು ಸನ್ಯಾಸಿಯ ವೇಷದಿಂದ ದಡದಲ್ಲಿ ನೆಲೆಸಿ, ಕಲ್ಲಿನ ಸ್ತೂಪವನ್ನು ಕಟ್ಟಿಸಿ, ಬೆಳುದಿಂಗಳಿನಲ್ಲಿ ಅದಕ್ಕೆ ಹಗ್ಗವನ್ನು ಬಿಗಿದು ಸಣ್ಣ ದೋಣಿಯಲ್ಲಿ ಆಚೆಗೆ ಎಳೆದೊಯ್ದು ನದಿಯ ಅಗಲವನ್ನು ಅಳೆದನೆಂದು ಪ್ರತೀತಿ. ಕಥೆಯನ್ನು ಹೇಳಿ ಲೂ ಯೂ ಸೇರಿಸುವ ಅಭಿಪ್ರಾಯವು ಗಮನಾರ್ಹ: ಆಳಿಕೆಯೇ ಕೆಟ್ಟಿದ್ದ ರಾಜ್ಯವು ಈ ಒಬ್ಬನ ಉಪಾಯವಿಲ್ಲದಿದ್ದರೂ ಉಳಿಯುತ್ತಿರಲಿಲ್ಲ. ನದಿಯೇ ಕೋಟೆಯೆಂದು ನಂಬಿ ಹಾಂಗ್‌ಚೌ ನಗರದಲ್ಲಿ ಸುಖವಾಗಿದ್ದ ತನ್ನ ಕಾಲದ ಆಸ್ಥಾನಕ್ಕೆ ಈ ಮಾತು ತಾಗುವುದೇ ಇಲ್ಲವೆಂದು ಯಾರು ಹೇಳಬಲ್ಲರು? ಬಾಯಿಬಿಟ್ಟು ಹೇಳದ್ದರಿಂದಲೇ ಅದರ ಮೊನೆ ಉಳಿದಿದೆ.

ದೋಷಗಳನ್ನೂ ಮುಚ್ಚಬೇಕಾಗಿಲ್ಲ. ಬಂದು ಕಂಡ ಅಧಿಕಾರಿಗಳ ಪಟ್ಟಿ, ಅವರ ಪದವಿಗಳು, ಔತಣಗಳು, ಮಂದಿರಗಳ ಫಲಕಗಳನ್ನು ಬರೆದವರ ಹೆಸರುಗಳು ಪುಟಗಳನ್ನು ನುಂಗುತ್ತವೆ. ಸೂಚೌನಂಥ ಮಹಾನಗರದ ಹತ್ತಿರ ಬಂದಾಗಲೂ ವಾಚಕನು ನಗರವನ್ನು ಕಾಣಲು ಕಾತರನಾಗಿ ನಿರಾಶನಾಗುತ್ತಾನೆ. ನಗರಗಳು ಲೂ ಯೂವಿನ ಲೇಖನಿಗೆ ಒಗ್ಗುವುದಿಲ್ಲ. ದಾರಿ ಮತ್ತು ನೀರು ಒಗ್ಗುತ್ತವೆ. ಕಾಲುವೆಯ ದಂಡೆಯ ಒಂದು ನೋಟ ಸಾಕು. ನೀರು ಉಕ್ಕಿ ಹೊಲಗಳಿಗಿಂತ ಎತ್ತರಕ್ಕೆ ಬಂದಿದೆ. ಹೆಂಗಸರೂ ಮಕ್ಕಳೂ ನಿಂತ ನೀರನ್ನು ಯಂತ್ರದಿಂದ ಹೊರಕ್ಕೆತ್ತುತ್ತಿದ್ದಾರೆ. ಹೆಂಗಸರು ಕಾಲಿನಿಂದ ಚಕ್ರವನ್ನು ತುಳಿಯುತ್ತ ಕೈಯಿಂದ ನಾರನ್ನು ಹೊಸೆಯುವುದನ್ನು ನಿಲ್ಲಿಸಿಲ್ಲ. ಅದೇ ದಿನಗಳಲ್ಲಿ ವೈದ್ಯನು ಬಂದು ಅವನ ಇಬ್ಬರು ಮಕ್ಕಳ ನಾಡಿಯನ್ನು ನೋಡಿ ಬೇಸಗೆಯ ಬೇನೆಯೆಂದು ಹೇಳುತ್ತಾನೆ. ಯಾವ ಕವಿಸಮಯವೂ ಒದಗಿಸದ ವಿವರಗಳು ಇವು.

ಮುಂದೆ ಯಾಂಗ್‌ತ್ಸೆಯಲ್ಲಿ ಕಂಡ ಮರದ ತೆಪ್ಪದ ವರ್ಣನೆಯು ಚೀನೀ ಗದ್ಯದ ರತ್ನಗಳಲ್ಲಿ ಒಂದು. ಅಗಲ ಇಂದಿನ ಲೆಕ್ಕದಲ್ಲಿ ಮೂವತ್ತು ಮೀಟರಿಗೆ ಮೇಲೆ, ಉದ್ದ ನೂರೈವತ್ತಕ್ಕೆ ಮೇಲೆ. ಅದರ ಮೇಲೆ ಮೂವತ್ತು ನಲವತ್ತು ಮನೆಗಳು. ಹೆಂಡಿರು ಮಕ್ಕಳು, ಕೋಳಿ ನಾಯಿ, ಒರಳು ಒನಕೆ, ನಡುವೆ ಓಣಿಗಳು, ಒಂದು ದೇವರ ಗುಡಿ. ಬೆರಗಾದ ಕವಿಗೆ ದೋಣಿಯವರು ಹೇಳುತ್ತಾರೆ, ಇದು ಚಿಕ್ಕದು. ದೊಡ್ಡವುಗಳ ಮೇಲೆ ಮಣ್ಣನ್ನು ಹರಡಿ ಕಾಯಿಪಲ್ಯದ ತೋಟ ಮಾಡುತ್ತಾರೆ, ಮದ್ಯದಂಗಡಿಯನ್ನೂ ಇಡುತ್ತಾರೆ. ಆ ಮಾತನ್ನು ಅವನು ದೋಣಿಯವರ ಬಾಯಿಂದ ಬಂದಂತೆಯೇ ಬಿಟ್ಟಿದ್ದಾನೆ. ತನ್ನ ಕಡೆಯಿಂದ ಬಣ್ಣ ಬಳಿದಿಲ್ಲ.

ಷಾಷಿ ಎಂಬ ರೇವಿನಲ್ಲಿ ದೋಣಿಯ ಪಟಗಂಬವನ್ನು ಕೆಳಗಿಳಿಸುತ್ತಾರೆ. ಅಲ್ಲಿಂದ ಮುಂದೆ ಗಾಳಿಯ ಕೆಲಸವಿಲ್ಲ. ಹುಟ್ಟುಗಳೂ ಹಗ್ಗವೂ ಮಾತ್ರ. ದಪ್ಪ ಬಿದಿರನ್ನು ಸೀಳಿ ತೋಳಿನ ಗಾತ್ರಕ್ಕೆ ಹೊಸೆದ ಆ ಹಗ್ಗಗಳಲ್ಲಿ ಎರಡು, ಹುಟ್ಟುಗಳಲ್ಲಿ ಆರು ತನ್ನ ದೋಣಿಗೆ ಇದ್ದುವೆಂದು ಅವನು ಎಣಿಸಿ ಬರೆದಿದ್ದಾನೆ. ಕಂದರಗಳ ಹೆಂಗಸರು ಮರದ ಕೊಡವನ್ನು ಬೆನ್ನ ಮೇಲೆ ಹೊತ್ತು ನೀರನ್ನು ತರುವುದು, ಮದುವೆಯಾಗದವರು ಎತ್ತರವಾದ ತುರುಬಿಗೆ ಆರು ಬೆಳ್ಳಿಯ ಕಡ್ಡಿಗಳನ್ನು ಸಿಕ್ಕಿಸಿ ಹಿಂದೆ ಅಂಗೈಯಗಲದ ದಂತದ ಬಾಚಣಿಗೆಯನ್ನು ಮುಡಿಯುವುದು, ಎಲ್ಲವೂ ಅವನ ಕಣ್ಣಿಗೆ ಬಿದ್ದಿವೆ. ಹೊಸ ಸೆಳವು ಎಂಬ ಹೆಸರಿನ ಅಪಾಯಕಾರಿಯಾದ ತಾವಿನಲ್ಲಿ ಚೂಪುಗಲ್ಲು ದೋಣಿಯ ತಳವನ್ನು ಸೀಳಿ ಸಿಕ್ಕಿಕೊಳ್ಳುತ್ತದೆ. ಕಾರಣವೇನು? ದೋಣಿಯವರು ಮೇಲೂರಿನಲ್ಲಿ ಮಾರಲೆಂದು ಮಡಕೆಕುಡಿಕೆಗಳನ್ನು ಮಿತಿಮೀರಿ ತುಂಬಿದ್ದರು. ಲೀ ದಾವ್‌ಯುವಾನನ ಭವ್ಯವಾದ ಕಂದರದೊಳಗೆ ಮಡಕೆಯ ವ್ಯಾಪಾರವೂ ನುಗ್ಗಿದೆ. ಅದರಿಂದ ಕಂದರದ ಭವ್ಯತೆಗೆ ಕುಂದಾಗಿಲ್ಲ.

ದೇವಕನ್ಯೆಯ ಶಿಖರವನ್ನು ದಾಟುವ ದಿನವು ಈ ಎರಡು ಬಗೆಯ ನೋಟಗಳೂ ಸೇರುವ ಸಂಧಿ. ಮೋಡವಾಗಿಯೂ ಮಳೆಯಾಗಿಯೂ ಸುಳಿವ ಆ ದೇವತೆಯ ಕಥೆಯು ಪ್ರಾಚೀನ ಕಾವ್ಯದಿಂದ ಬಂದದ್ದು. ಅದನ್ನು ನೆನೆಯದೆ ಅಲ್ಲಿ ಹೋದ ಕವಿಯಿಲ್ಲ. ಆ ದಿನ ಆಕಾಶವು ಶುಭ್ರವಾಗಿದ್ದು ಆ ಒಂದೇ ಶಿಖರದ ಮೇಲೆ ಬಿಳಿಯ ಮೋಡಗಳು ಕೆಲವು ಬಹಳ ಹೊತ್ತು ಚದರದೆ ಇದ್ದುವೆಂದು ಲೂ ಯೂ ಬರೆಯುತ್ತಾನೆ. ಪುರಾಣವು ನಿಜವಾಯಿತೆನ್ನುವುದಿಲ್ಲ, ಕಂಡದ್ದು ಹಾಗೆ. ಅದರ ಬೆನ್ನಿಗೇ ಇನ್ನೊಂದು ಸಂಗತಿ: ಅಲ್ಲಿನ ಗುಡಿಯ ಬಳಿ ನೂರಾರು ಕಾಗೆಗಳಿದ್ದು ಬರುವ ಹೋಗುವ ದೋಣಿಗಳನ್ನು ಎದುರುಗೊಂಡು ಕಳುಹಿಸುತ್ತಿದ್ದುವು; ಹಿಂದಿನವರ ಪದ್ಯಗಳಲ್ಲಿಯೂ ಅವು ಇವೆ; ಐದು ವರ್ಷಗಳ ಕೆಳಗೆ, ೧೧೬೫ರಲ್ಲಿ, ಥಟ್ಟನೆ ಬರುವುದನ್ನು ಬಿಟ್ಟುವು, ಈಗ ಒಂದೂ ಇಲ್ಲ. ಕಾರಣವನ್ನು ಅವನು ಕಲ್ಪಿಸುವುದಿಲ್ಲ, ಶೋಕಿಸುವುದೂ ಇಲ್ಲ. ಇಲ್ಲವಾದುದನ್ನು ಇಸವಿಯೊಡನೆ ಗುರುತಿಸುವುದು ಅವನ ಪದ್ಧತಿ.

ಏಳು ವರ್ಷಗಳ ಅನಂತರ ಫಾನ್ ಛೆಂಗ್‌ದಾ ಇದೇ ನದಿಯನ್ನು ಎದುರು ದಿಕ್ಕಿನಲ್ಲಿ ಇಳಿದನು. ೧೧೭೭ರಲ್ಲಿ ಛೆಂಗ್‌ದು ನಗರದ ಮಹಾಧಿಕಾರವನ್ನು ಬಿಟ್ಟು ತನ್ನ ಊರಾದ ಸೂಚೌಗೆ ಮರಳುವಾಗ ಅವನೂ ದಿನಚರಿಯನ್ನು ಬರೆದನು. ಜೇಮ್ಸ್ ಹಾರ್ಗೆಟ್ ಅದನ್ನು ೨೦೦೮ರಲ್ಲಿ ಇಂಗ್ಲಿಷಿಗೆ ತಂದಿದ್ದಾನೆ. ಭಾರತೀಯರಿಗೆ ಅದರಲ್ಲಿ ಒಂದು ವಿ಼ಶೇಷವಿದೆ. ಏಮೇಯ್ ಪರ್ವತದ ವಿಹಾರವೊಂದರಲ್ಲಿ ದೊರೆತ, ೯೬೪ರಲ್ಲಿ ಭಾರತಕ್ಕೆ ಹೊರಟು ೯೭೬ರಲ್ಲಿ ಹಿಂದಿರುಗಿದ ಜಿಯೆ ಎಂಬ ಭಿಕ್ಷುವಿನ ಯಾತ್ರಾಕ್ರಮವನ್ನು ಫಾನನು ತನ್ನ ಗ್ರಂಥದಲ್ಲಿ ಸೇರಿಸಿ ಉಳಿಸಿದನು. ಶೈಲಿಯ ಝಳಪಿನಲ್ಲಿ ಫಾನನು ಮೇಲು. ಶಿಖರದ ಮೇಲಣ ಬುದ್ಧಪ್ರಭೆಯೆಂಬ ಬೆಳಕಿನ ಬಳೆಯನ್ನು ಅವನಂತೆ ಲೂ ಯೂ ಬರೆಯಲಾರನು. ಆದರೆ ಮಹಾಧಿಕಾರಿಯ ನೌಕೆಯಲ್ಲಿ ಪ್ರವಾಹದೊಡನೆ ಇಳಿಯುವವನಿಗೆ ನಿಲ್ಲಲು ಬಿಡುವಿಲ್ಲ. ಇಬ್ಬರ ಭೇದವನ್ನು ಒಂದೇ ಬಂಡೆಯಿಂದ ತೋರಿಸಬಹುದು. ಕಂದರಗಳ ಬಾಯಲ್ಲಿ, ನದಿಯ ನಟ್ಟನಡುವೆ, ಯಾನ್‌ಯು ಎಂಬ ಬಂಡೆಯಿತ್ತು. ಚಳಿಗಾಲದಲ್ಲಿ ಬಂದ ಲೂ ಯೂವಿಗೆ ಅದು ಕಲ್ಲುಚೂರುಗಳನ್ನು ಪೇರಿಸಿದಂತೆ ನೀರಿನಿಂದ ಬಹಳ ಎತ್ತರಕ್ಕೆ ಎದ್ದು ಕಂಡಿತು; ಮಳೆಗಾಲದಲ್ಲಿ ನೀರು ಅದನ್ನೂ ಮುಳುಗಿಸಿ ಮೇಲೇರುವುದೆಂದು ಊರವರಿಂದ ಕೇಳಿ ಬರೆದುಕೊಂಡನು. ನೆರೆಯಲ್ಲಿ ಬಂದ ಫಾನನ ನೌಕೆಯು ಅದೇ ಬಂಡೆಯ ತಲೆಯನ್ನು ಸವರಿಕೊಂಡು ದಾಟಿತು. ನೀರು ಸುಳಿಸುಳಿಯಾಗಿ ಉಸಿರಾಡುತ್ತಿತ್ತು, ಹುಟ್ಟು ಹಾಕುವವರ ಅಂಗೈ ಬೆವರಿ ಮುಖದಲ್ಲಿ ರಕ್ತವಿರಲಿಲ್ಲ. ಒಬ್ಬನು ಕೇಳಿದ್ದನ್ನು ಇನ್ನೊಬ್ಬನು ಅನುಭವಿಸಿದನು. ಎರಡು ಗ್ರಂಥಗಳನ್ನೂ ಒಟ್ಟಿಗೆ ಓದದವನಿಗೆ ಆ ಬಂಡೆಯು ಅರ್ಧ ಮಾತ್ರ ದೊರೆಯುತ್ತದೆ. ನದಿಯ ಮೂಲದ ವಿಚಾರದಲ್ಲಿ ಮಾತ್ರ ಹಿಂದಿನವರೆಲ್ಲ ಹಳೆಯ ಶಾಸ್ತ್ರಕ್ಕೆ ತಲೆಬಾಗಿ ಮಿನ್ ನದಿಯನ್ನೇ ಹಿಡಿದಿದ್ದರು. ಆ ಕಟ್ಟನ್ನು ಮುರಿದು ಚಿನ್‌ಷಾ ನದಿಯೇ ಯಾಂಗ್‌ತ್ಸೆಯ ನಿಜವಾದ ಮೇಲ್ಭಾಗವೆಂದು ವಾದಿಸಿದ ಕೀರ್ತಿಯು ಹದಿನೇಳನೆಯ ಶತಮಾನದ ಪಾದಚಾರಿ ಷು ಷಿಯಾಕೆಗೆ (೧೫೮೭–೧೬೪೧) ಸಲ್ಲುತ್ತದೆ.

ಯಾನ್‌ಯು ಬಂಡೆಯನ್ನು ಇನ್ನು ಯಾರೂ ಓದಿನ ಹೊರಗೆ ಕಾಣಲಾರರು. ನೌಕಾಸಂಚಾರಕ್ಕೆ ಅಡ್ಡಿಯೆಂದು ೧೯೫೦ರ ದಶಕದ ಕೊನೆಯಲ್ಲಿ ಅದನ್ನು ಮದ್ದಿಟ್ಟು ಸಿಡಿಸಿದರು. ೧೯೯೪ರಲ್ಲಿ ಮೂರು ಕಂದರಗಳ ಮಹಾ ಅಣೆಕಟ್ಟಿನ ಕೆಲಸವು ಆರಂಭವಾಯಿತು. ೨೦೦೩ರ ಜೂನಿನಲ್ಲಿ ನೀರು ಸಮುದ್ರಮಟ್ಟಕ್ಕೆ ೧೩೫ ಮೀಟರುಗಳ ವರೆಗೂ, ೨೦೧೦ರ ಅಕ್ಟೋಬರಿನಲ್ಲಿ ೧೭೫ ಮೀಟರುಗಳ ವರೆಗೂ ಏರಿತು. ೧೨ ಲಕ್ಷಕ್ಕೂ ಮೇಲ್ಪಟ್ಟ ಜನರು ಮನೆಗಳನ್ನು ಬಿಟ್ಟರು. ಕ್ವೇಚೌ ಇದ್ದ ಫೆಂಗ್‌ಜಿಯೆಯ ಹಳೆಯ ಪಟ್ಟಣವನ್ನು ೨೦೦೨ರಲ್ಲಿ ಕೆಡವಿದರು. ಲಿ ಬೈ ಮುಂಜಾವಿನಲ್ಲಿ ಬಿಟ್ಟು ಹೊರಟ ಬಾಯ್‌ದಿಯ ಗುಡ್ಡವು ನೀರಿನ ನಡುವಣ ದ್ವೀಪವಾಯಿತು. ಲೂ ಯೂವಿನ ದೋಣಿಯು ಒಡೆದ ಸೆಳವು ಆಳವಾದ ನಿಶ್ಚಲಜಲದ ಅಡಿಯಲ್ಲಿದೆ. ವಿಹಾರನೌಕೆಗಳಲ್ಲಿ ಈಗ ಕಂದರಗಳನ್ನು ನೋಡಲು ಹೋಗುವವರಿಗೆ ಎಳೆಯುವ ಹಗ್ಗದ ಅವಶ್ಯಕತೆಯಿಲ್ಲ, ಭಯವೂ ಇಲ್ಲ. ಹೀಗಾಗಿ ಈ ದಿನಚರಿಯನ್ನು ಇತ್ತೀಚೆಗೆ ಚರಮಗೀತೆಯಂತೆ ಓದುವುದು ಸಹಜವಾಗಿದೆ. ಓದುವವನ ದುಃಖವು ನ್ಯಾಯವಾದದ್ದೇ. ಗ್ರಂಥದ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ. ಲೂ ಯೂ ಹೋದಾಗಲೇ ಆ ದಾರಿಯ ಅರ್ಧ ಭಾಗ ಇಲ್ಲವಾದುವುಗಳ ದಾರಿಯಾಗಿತ್ತು: ಹಾರಿಹೋದ ಕಾಗೆಗಳು, ದಿಣ್ಣೆಯಾದ ರಣರಂಗ, ಅಳಿದ ರಾಜ್ಯಗಳ ಕೋಟೆಗಳು. ಅವನು ಅವುಗಳ ಎದುರಿನಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವ ಕೆಲಸವನ್ನು ಮಾಡಿದನು.

ಕಡೆಯ ದಿನದ ಬರಹವು ಚಿಕ್ಕದು. ಪಟ್ಟಣವು ಬೆಟ್ಟದ ತಪ್ಪಲಿನ ಮರಳಿನ ಮೇಲಿದೆ. ೨೨೩ರಲ್ಲಿ ಶು ದೇಶದ ದೊರೆ ಲ್ಯೂ ಬೇಯ್ ಪ್ರಾಣಬಿಟ್ಟ ಅರಮನೆಯ ನೆಲದಲ್ಲಿ ಈಗ ಸರಕಾರದ ಕಣಜವಿದೆ. ಹತ್ತಿರದ ಮರಳುದಿಣ್ಣೆಯಲ್ಲಿ ಆ ದೊರೆಯ ಮಂತ್ರಿಯಾದ ಚುಗೆ ಲ್ಯಾಂಗನು ವ್ಯೂಹವಾಗಿ ಜೋಡಿಸಿದನೆಂದು ಹೇಳುವ ಕಲ್ಲುಗಳ ಸಾಲುಗಳು ದಾರ ಹಿಡಿದಂತೆ ನೆಟ್ಟಗಿವೆ. ಪ್ರತಿವರ್ಷವೂ ನೆರೆಯು ಬಂದು ಆ ದಿಣ್ಣೆಯ ಮೇಲೆ ಬಹಳ ಎತ್ತರಕ್ಕೆ ನಿಲ್ಲುತ್ತದೆ. ಇಳಿದ ಮೇಲೆ ನೋಡಿದರೆ ಕಲ್ಲುಗಳು ಇದ್ದಲ್ಲಿಯೇ ಇರುತ್ತವೆ ಎಂದು ಅವನು ಬರೆದಿದ್ದಾನೆ. ಜಲಾಶಯದ ನೀರು ಈಗಲೂ ವರ್ಷಕ್ಕೊಮ್ಮೆ ೧೭೫ ಮೀಟರಿನಿಂದ ೧೪೫ ಮೀಟರಿಗೆ ಇಳಿಯುತ್ತದೆ. ಆ ದಿಣ್ಣೆಯವರೆಗೆ ಇಳಿಯುವುದಿಲ್ಲ.